ಹನ್ನೊಂದು ಎಣ್ಣೆ ತಲೆ, ಒಂದು ಸೀಸನ್ ಪಾಸ್

ಮೇ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ಸ್ಥಳ, ರಾಮನಗರದ ನಮ್ಮ ಈಜುಕೊಳದ ಗೇಟಿನ ಹೊರಗೆ. ಹಾಜರಿದ್ದವರು: ನಾನು, ನಮ್ಮ ಹೆಂಗಸರ ಬ್ಯಾಚಿನ ಉಳಿದ ಹತ್ತು ಮಂದಿ, ಒಂದು ಟೆಂಪೋ, ಅದರ ಚಾಲಕ. ಗೈರುಹಾಜರಿ ಇಲ್ಲ. ತಡವಾಗಿ ಬಂದವರು ಒಬ್ಬರು, ಎರಡು ನಿಮಿಷ. ಅವರಿಗೆ ಬೈದಾಗಿತ್ತು.

ನಾವು ಹೊರಟಿದ್ದು ಈಜಲು. ಈಜುಕೊಳದ ಗೇಟಿನ ಎದುರೇ ನಿಂತು, ಒಳಗೆ ನೀರು ತುಂಬಿರುವುದನ್ನು ಕಣ್ಣಾರೆ ನೋಡುತ್ತಲೇ, ಈಜುವುದಕ್ಕೆಂದು ಟೆಂಪೋ ಹತ್ತಿ ಬೇರೆ ಕಡೆ ಹೊರಡುವುದು ಬುದ್ಧಿವಂತರ ಕೆಲಸವಲ್ಲ ಎಂದು ಯಾರಿಗಾದರೂ ಅನ್ನಿಸಿದರೆ ನನ್ನ ತಕರಾರಿಲ್ಲ. ಇದಕ್ಕೆ ಕಾರಣ ಸೀಸನ್ ಪಾಸು. ಅದನ್ನು ಮೊದಲು ಹೇಳಿ ಮುಗಿಸುತ್ತೇನೆ.

ನಾನು ಮೂವತ್ತನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು. ಕುದೂರು, ಮಾಗಡಿ, ಕನಕಪುರ, ಕೊನೆಗೆ ರಾಮನಗರ. ನಿವೃತ್ತಿಯಾದ ವರ್ಷವೇ ಮೊಣಕಾಲು ಕೂಡ ನಿವೃತ್ತಿ ಕೇಳಿತು. ಎಲುಬಿನ ಡಾಕ್ಟರು, ನನ್ನ ಕೈಕೆಳಗೆ ಇಂಜೆಕ್ಷನ್ ಕೊಡುವುದನ್ನು ಕಲಿತವರು, "ನೀರಿನಲ್ಲಿ ನಡೆಯಿರಿ ಸಿಸ್ಟರ್" ಎಂದರು. ನಡೆಯಲು ಊರಿನಲ್ಲಿದ್ದ ನೀರು ಒಂದೇ, ಈ ಖಾಸಗಿ ಈಜುಕೊಳ. ಅಲ್ಲಿ ಹೋದರೆ ಪೂರ್ತಿ ಗಂಡಸರ ಸಾಮ್ರಾಜ್ಯ. ಒಬ್ಬೊಬ್ಬರೂ ಎಮ್ಮೆಯಂತೆ ಬಿದ್ದುಕೊಂಡು ರಾಜಕೀಯ ಮಾತಾಡುತ್ತಿದ್ದರು. ನಾನು ಮಾಲೀಕನ ಮೇಜಿನ ಮುಂದೆ ನಿಂತು, ಭಾನುವಾರ ಬೆಳಿಗ್ಗೆ ಆರರಿಂದ ಏಳು ಹೆಂಗಸರಿಗೆ ಬೇಕು ಎಂದೆ. "ಯಾರ್ ಬತ್ತಾರೆ ಸಿಸ್ಟರಮ್ಮ?" ಎಂದು ಅವನು ನಕ್ಕ. ಮುಂದಿನ ಭಾನುವಾರ ಐದು ಮಂದಿಯನ್ನು ಸಾಲಾಗಿ ನಿಲ್ಲಿಸಿದೆ. ನಗು ನಿಂತಿತು. ಅದಾಗಿ ಆರು ವರ್ಷ. ಐದು ಹನ್ನೊಂದಾಯಿತು. ನನ್ನ ಮೊಣಕಾಲು ಮಾತು ಕೇಳುತ್ತದೆ, ಬ್ಯಾಚಿನವರು ಅದಕ್ಕಿಂತ ಸ್ವಲ್ಪ ಕಡಿಮೆ ಕೇಳುತ್ತಾರೆ.

ಕೊಳ ಇಪ್ಪತ್ತೈದು ಮೀಟರ್ ಉದ್ದ, ನೇರ, ನಾಲ್ಕು ಮೂಲೆ ಇರುವಂಥದ್ದು. ಒಂದು ತುದಿ ಮೂರೂವರೆ ಅಡಿ, ಇನ್ನೊಂದು ಒಂಬತ್ತು. ಆಳದ ತುದಿಯಲ್ಲಿ ತಲೆ ಎತ್ತಿದರೆ ಬಂಡೆ ಬೆಟ್ಟ ಕಾಣುತ್ತದೆ. ನೀರು ಒಸಿ ಹಸಿರು. ಮಾಲೀಕನ ಪ್ರಕಾರ ಅದು ಬೆಟ್ಟದ ನೆರಳು. ನಾನು ವಾರ್ಡಿನಲ್ಲಿ ಬೇಕಾದಷ್ಟು ಹಸಿರು ನೋಡಿದ್ದೇನೆ, ನೆರಳಿನ ಬಣ್ಣ ನನಗೆ ಗೊತ್ತು. ಆದರೂ ನಮ್ಮ ಕೊಳ.

ಬ್ಯಾಚಿನಲ್ಲಿ ಇಬ್ಬರ ಪರಿಚಯ ಮಾಡಿಕೊಂಡರೆ ಸಾಕು. ಒಬ್ಬಳು ರೀಲಿಂಗ್ ಅಕ್ಕ. ಐವತ್ತು ದಾಟಿದವಳು, ಗಂಡನ ಜೊತೆ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಘಟಕ ನಡೆಸುತ್ತಾಳೆ. ಇಡೀ ದಿನ ಬಿಸಿನೀರಿನಲ್ಲಿ ಕೈ ಅದ್ದಿ ಅದ್ದಿ ಬೆರಳು ಬೆಂದಿವೆ, ನಾಲಿಗೆ ಮಾತ್ರ ಹಸಿಯಾಗಿ ಉಳಿದಿದೆ. ಇನ್ನೊಬ್ಬಳು ಹಾರೋಹಳ್ಳಿಯ ಕಾರ್ಖಾನೆಗೆ ಹೋಗುವವಳು. ವಯಸ್ಸು ಮೂವತ್ತೊಂದು, ವಾರಕ್ಕೆ ಆರು ದಿನ ಕಂಪನಿ ಬಸ್ಸು, ಎಂಟು ಗಂಟೆ ನಿಂತೇ ಕೆಲಸ, ಭಾನುವಾರ ಒಂದೇ ಬಿಡುವು. ಅವಳನ್ನು ನಾನು ಇಲ್ಲಿ ಹಾರೋಹಳ್ಳಿಯವಳು ಎಂದೇ ಕರೆಯುತ್ತೇನೆ.

ಈ ಕಥೆಯಲ್ಲಿ ಪಣಕ್ಕಿದ್ದದ್ದು ಅವಳ ಒಂದು ಪರೀಕ್ಷೆ. ಕನಕಪುರದ ಕಡೆ ಹೆಣ್ಣುಮಕ್ಕಳ ವಸತಿ ಶಾಲೆಯೊಂದರಲ್ಲಿ ಕೊಳದ ಬಳಿ ಕಾವಲು ನಿಂತು ಮಕ್ಕಳಿಗೆ ಈಜು ಕಲಿಸಲು ಒಬ್ಬ ಹೆಂಗಸು ಬೇಕಿತ್ತು. ಪರೀಕ್ಷೆ ಮೇ ಕೊನೆಯ ಶನಿವಾರ. ಐವತ್ತು ಮೀಟರ್ ನಿಲ್ಲದೆ ಈಜಬೇಕು, ಆಮೇಲೆ ಆಳದಲ್ಲಿ ಎರಡು ನಿಮಿಷ ಮುಳುಗದೆ ನಿಂತಿರಬೇಕು. ಕೆಲಸ ಸಿಕ್ಕರೆ ಕಾರ್ಖಾನೆ ಬಿಡಬಹುದು. ಅವಳ ಕಾಲಿನ ನರಗಳು ಗಂಟುಗಂಟಾಗಿ ಉಬ್ಬಿರುವುದನ್ನು ನಾನು ನೋಡಿದ್ದೇನೆ. ಅವಳಿಗೆ ಅದು ಸಂಬಳದ ಮಾತಿಗಿಂತ ಹೆಚ್ಚಿನದು. ಮಾರ್ಚ್ ಕೊನೆಗೆ ಮೂವತ್ತೈದು ಮೀಟರ್‌ವರೆಗೆ ಬಂದಿದ್ದಳು. ಮೂವತ್ತಾರನೆಯದಕ್ಕೆ ಕೊಳದ ಅಂಚು ಹಿಡಿಯುತ್ತಿದ್ದಳು, ನಾನು ಬೈಯುತ್ತಿದ್ದೆ. ಕ್ರಮವಾಗಿ ನಡೆಯುತ್ತಿತ್ತು.

ಅಷ್ಟರಲ್ಲಿ ಮಾಲೀಕ ಪಾಲುದಾರಿಕೆಗೆ ಬಿದ್ದ.

ಪ್ರತಿ ಬೇಸಿಗೆ ಅವನು ಸೀಸನ್ ಪಾಸ್ ಮಾರುವುದು ಹೊಸದಲ್ಲ. ಈ ವರ್ಷ ಬೆಂಗಳೂರಿನವರು ಯಾರೋ ಬಂದು, ಒಂದೇ ಪಾಸಿನಲ್ಲಿ ಹಲವು ಕೊಳ ಎಂಬ ಯೋಜನೆ ಹೇಳಿದರಂತೆ. ನಮ್ಮದು, ಚನ್ನಪಟ್ಟಣದ್ದೊಂದು, ಮಾಗಡಿಯದ್ದೊಂದು, ಕನಕಪುರದ್ದೊಂದು, ಹೆದ್ದಾರಿಯಲ್ಲಿ ಬೆಂಗಳೂರಿನ ಕಡೆ ಇರುವ ದೊಡ್ಡ ರೆಸಾರ್ಟಿನದ್ದು, ಜೊತೆಗೆ ಬೆಂಗಳೂರಿನ ನಾಲ್ಕಾರು ಕ್ಲಬ್ಬುಗಳು. ಒಂದು ಕಡೆ ಪಾಸ್ ಕೊಂಡವರು ಎಲ್ಲಾ ಕಡೆ ಇಳಿಯಬಹುದು. ಮಾಲೀಕ ಫಲಕ ಬರೆಸಿದ, ಗೋಡೆಗೆ ನೀಲಿ ಬಳಿದ, ಡಾಲ್ಫಿನ್ ಬರೆಸಿದ. ಚಿತ್ರ ಬರೆದವನು ಡಾಲ್ಫಿನ್ ನೋಡಿದವನಲ್ಲ. ಅದು ನಗುತ್ತಿರುವ ಬಾಳೆಕಾಯಿಯ ಹಾಗಿದೆ.

ಏಪ್ರಿಲ್ ಮೊದಲ ಭಾನುವಾರ ಆರು ಗಂಟೆಗೆ ನಾವು ಬಂದರೆ ಗೇಟಿನ ಮುಂದೆ ಒಂಬತ್ತು ಕಾರು. ನಸುಕಿನಲ್ಲೇ ಬಂಡೆ ಹತ್ತಿ ಬಂದವರು ಬೆವರು ತೊಳೆಯಲು ನೇರವಾಗಿ ನಮ್ಮ ನೀರಿಗೆ ಇಳಿಯುತ್ತಿದ್ದರು. ಗಂಡಸರು, ಮಕ್ಕಳು, ಗಾಳಿ ತುಂಬಿದ ಗುಲಾಬಿ ಬಾತುಕೋಳಿ. ಹಾರೋಹಳ್ಳಿಯವಳು ಟವಲ್ ಹೆಗಲಿಗೆ ಹಾಕಿಕೊಂಡು ಬಾತುಕೋಳಿಯನ್ನೇ ನೋಡುತ್ತಾ ನಿಂತಳು. ನಾನು ಮಾಲೀಕನ ಬಳಿಗೆ ಹೋದೆ.

"ಹೆಂಗಸರ ಟೈಮ್ ಇದು" ಎಂದೆ.

"ಇನ್ಮೇಲೆ ಆ ಟೈಮ್ ಇಲ್ಲ ಸಿಸ್ಟರಮ್ಮ. ಕರಾರ್ನಲ್ಲಿ ಬರೆದವ್ರೆ. ಶನಿವಾರ ಭಾನುವಾರ ತೆರೆದಿರೋ ಟೈಮ್ನಲ್ಲಿ ಪಾಸ್ ಇರೋರ್ನ ಯಾರ್ನೂ ತಡೆಯಂಗಿಲ್ಲ."

"ಆರು ವರ್ಷದಿಂದ ಬರುತ್ತಿರುವವರನ್ನು ತಡೆಯಬಹುದಾ?"

"ತಡೀತಿಲ್ವಲ್ಲಾ. ನೀವೂ ಇಳೀರಿ."

"ಆ ಗಂಡಸರ ಮಧ್ಯೆನಾ?" ಎಂದು ರೀಲಿಂಗ್ ಅಕ್ಕ ಹಿಂದಿನಿಂದ ಕೇಳಿದಳು. "ನಿನ್ ಹೆಂಡ್ರುನ್ನ ಮೊದ್ಲು ಇಳ್ಸು, ಆಮೇಲೆ ನಾವ್ ಇಳೀತೀವಿ."

ಮಾಲೀಕ ಅವಳ ಕಡೆ ತಿರುಗಲೇ ಇಲ್ಲ. ಅವಳಿಗೆ ಉತ್ತರ ಕೊಟ್ಟು ಗೆದ್ದವರು ಗೂಡಿನ ಮಾರುಕಟ್ಟೆಯಲ್ಲೇ ಇಲ್ಲ. ನನಗೆ ಮಾತ್ರ ಹೇಳಿದ: "ನೋಡಿ, ಜಿಲ್ಲೆಗೇ ಬೆಂಗಳೂರು ಹೆಸರು ಇಟ್ಟಾಯ್ತು. ಬೆಂಗಳೂರ್ನೋರು ಬರ್ಬ್ಯಾಡಿ ಅನ್ನಕ್ಕಾಯ್ತದಾ? ನಿಮ್ಗೂ ಅದೇ ಪಾಸ್ ಐತೆ. ಐದು ಪೂಲ್ ಅವೆ ಈ ಸುತ್ತಲ್ಲಿ. ಎಲ್ ಬೇಕಾದ್ರೂ ಓಗಿ!"

ಅವನು ಇದನ್ನು ಬಾಯಿ ಮುಚ್ಚಿಸಲು ಹೇಳಿದ್ದು. ನಾನು ಅದನ್ನು ಆದೇಶ ಎಂದು ಬರೆದುಕೊಂಡೆ. ಪಾಸಿನ ಜೊತೆ ಕೊಟ್ಟಿದ್ದ ಸಣ್ಣ ಅಕ್ಷರದ ನಿಯಮಗಳನ್ನು ಆ ಮಧ್ಯಾಹ್ನವೇ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದೆ. ಹದಿನಾರು ಕಲಂ. ಆ ಯೋಜನೆ ಮಾಡಿದವರನ್ನು ಬಿಟ್ಟರೆ ಅದನ್ನು ಪೂರ್ತಿ ಓದಿದವಳು ನಾನೊಬ್ಬಳೇ ಇರಬೇಕು. ಯೋಜನೆ ಮಾಡಿದವರ ಬಗ್ಗೆಯೂ ನನಗೆ ಅನುಮಾನವಿದೆ.

ಮುಂದಿನ ಭಾನುವಾರ ಚನ್ನಪಟ್ಟಣ. ಕೊಳ ಖಾಲಿ. ಪಾಸಿನ ಪ್ರಚಾರದ ಫೋಟೋ ಹಿಡಿದ ಮೇಲೆ ಟೈಲ್ಸ್ ಬದಲಿಸಲು ನೀರು ಹೊರಗೆ ಬಿಟ್ಟಿದ್ದರಂತೆ. ಕಾವಲುಗಾರ ನಮ್ಮ ಹನ್ನೊಂದು ಪಾಸನ್ನೂ ಒಂದೊಂದಾಗಿ ನೋಡಿ, "ಎಲ್ಲಾ ಸರಿ ಅವೆ, ನೀರೊಂದಿಲ್ಲ" ಎಂದ. ಬಣ್ಣದ ಬೊಂಬೆ ಅಂಗಡಿ ನೋಡಿಕೊಂಡು ವಾಪಸು ಬಂದೆವು. ಆ ವಾರದ ವ್ಯಾಯಾಮ ಅಷ್ಟೇ.

ಅದರ ಮುಂದಿನದು ಮಾಗಡಿ. ಅಲ್ಲಿ ನೀರು ಇತ್ತು, ನನ್ನ ಸೊಂಟದವರೆಗೆ. ಮಕ್ಕಳ ಕೊಳ. ನನ್ನ ಮೊಣಕಾಲಿಗೆ ಹೇಳಿ ಮಾಡಿಸಿದ್ದು, ಹಾರೋಹಳ್ಳಿಯವಳಿಗೆ ಏನೂ ಪ್ರಯೋಜನವಿಲ್ಲ. ಕೈ ಬೀಸಿದರೆ ನೆಲ ತಗಲುತ್ತಿತ್ತು. ನಡುವೆ ಒಂದು ಮಗು ಅವಳ ಬೆನ್ನು ಹತ್ತಿ ಕೂತಿತು. ಅದರ ತಾಯಿ ತಿಪ್ಪಸಂದ್ರದಿಂದ ಬಂದವಳು, "ಇನ್ನೊಂದು ಸುತ್ತು ಕರ್ಕೊಂಡ್ ಓಗಕ್ಕ, ಸುಮ್ಕೆ ಕೂತೈತೆ" ಎಂದಳು. ಕರೆದುಕೊಂಡು ಹೋದಳು. ಈ ಹುಡುಗಿಗೆ ಇಲ್ಲ ಅನ್ನಲು ಬರುವುದಿಲ್ಲ. ಕಾರ್ಖಾನೆಯವರಿಗೂ ಅದು ಗೊತ್ತು.

ಕನಕಪುರಕ್ಕೆ ಎರಡು ಬಸ್ಸು. ತಲುಪುವಾಗ ಹತ್ತು ಗಂಟೆ, ಕೊಳದಲ್ಲಿ ಜನ ಇಡ್ಲಿ ತಟ್ಟೆಯಲ್ಲಿಟ್ಟ ಹಾಗೆ ಒತ್ತಾಗಿ ನಿಂತಿದ್ದರು. ಅಲ್ಲಿನ ಊರವರೇ ಗೇಟಿನ ಹೊರಗೆ ಗೊಣಗುತ್ತಿದ್ದರು. "ಎಲ್ಲಿಂದ ಬಂದ್ರಮ್ಮ?" ಎಂದು ಒಬ್ಬ ಮುದುಕ ಕೇಳಿದ. ರಾಮನಗರ ಎಂದೆವು. "ನೋಡಿ, ನಿಮ್ಮಂತೋರಿಂದ್ಲೇ ನಮ್ಗೆ ಜಾಗ ಇಲ್ದಂಗಾಗಿರೋದು" ಎಂದ. ಆಗ ನನಗೆ ಯೋಜನೆ ಪೂರ್ತಿ ಅರ್ಥವಾಯಿತು. ಎಲ್ಲರಿಗೂ ಐದು ಕೊಳ ಕೊಟ್ಟಿದ್ದಾರೆ, ಅವರವರ ಊರಿನದೊಂದನ್ನು ಬಿಟ್ಟು. ನಾವು ಬೆಂಗಳೂರಿನವರನ್ನು ಬೈಯುತ್ತಾ ಬಂದು ಕನಕಪುರದವರ ಪಾಲಿಗೆ ಬೆಂಗಳೂರಿನವರಾಗಿದ್ದೆವು.

ಮೇ ಮೊದಲ ಭಾನುವಾರ ಬ್ಯಾಚಿನ ಅರ್ಧಕ್ಕರ್ಧ ಮಂದಿಗೆ ಮದುವೆಯ ಊಟ. ಎರಡನೇ ಭಾನುವಾರಕ್ಕೆ ಉಳಿದದ್ದು ರೆಸಾರ್ಟು ಒಂದೇ. ಪರೀಕ್ಷೆಗೆ ಮೂರು ವಾರವೂ ಇರಲಿಲ್ಲ. ಹಾರೋಹಳ್ಳಿಯವಳು ಒಂದು ತಿಂಗಳಿಂದ ನೇರವಾಗಿ ಹತ್ತು ಮೀಟರ್ ಈಜಿರಲಿಲ್ಲ. "ಬುಡಿ ಸಿಸ್ಟರಮ್ಮ, ಆ ಕೆಲ್ಸ ನನ್ಗೆ ಬರೆದಿಲ್ಲ ಅನ್ಸತ್ತೆ" ಎಂದು ಫೋನ್ ಮಾಡಿದಳು. ಬರೆಯುವುದು ನನ್ನ ಕೆಲಸ, ನೀನು ಐದು ನಲವತ್ತಕ್ಕೆ ಗೇಟಿನ ಬಳಿ ಇರು ಎಂದೆ.

ಈಗ ಟೆಂಪೋ ಹತ್ತಬಹುದು.

ಕಲಂ ಒಂಬತ್ತರ ಪ್ರಕಾರ ರೆಸಾರ್ಟಿನಲ್ಲಿ ನೈಲಾನ್ ಉಡುಪು, ತಲೆಗೆ ಕ್ಯಾಪ್, ಇಳಿಯುವ ಮೊದಲು ಶವರ್ ಕಡ್ಡಾಯ. ನಮ್ಮ ಕೊಳದಲ್ಲಿ ಚೂಡಿದಾರದ ಪ್ಯಾಂಟು, ಹಳೆಯ ಟೀ ಶರ್ಟು ನಡೆಯುತ್ತಿತ್ತು. ಹಾಗಾಗಿ ಟೈಲರ್ ಒಬ್ಬನ ಬಳಿ ಶಾಲೆಯ ಕ್ರೀಡಾಕೂಟದಲ್ಲಿ ಉಳಿದಿದ್ದ ಮರೂನ್ ನೈಲಾನ್ ಬಟ್ಟೆಯಲ್ಲಿ ಹನ್ನೊಂದು ಜೊತೆ ಹೊಲಿಸಿದ್ದೆ, ಮಣಿಕಟ್ಟಿನಿಂದ ಕಣಕಾಲಿನವರೆಗೆ. ಹಾಕಿಕೊಂಡು ಸಾಲಾಗಿ ನಿಂತರೆ ನಿವೃತ್ತ ಕಬಡ್ಡಿ ತಂಡದ ಹಾಗೆ ಕಾಣುತ್ತಿದ್ದೆವು. ಕ್ಯಾಪುಗಳು ಪಾಸಿನ ಜೊತೆ ಬಂದ ಉಚಿತ ಉಡುಗೊರೆ, ಎಲ್ಲಾ ಒಂದೇ ಅಳತೆ. ನಮ್ಮ ತುರುಬುಗಳು ಒಂದೇ ಅಳತೆಯವಲ್ಲ.

ಟೆಂಪೋದಲ್ಲಿ ನಾನು ಪಟ್ಟಿ ಹಿಡಿದು ಒಬ್ಬೊಬ್ಬರನ್ನೂ ಪರೀಕ್ಷಿಸಿದೆ. ಉಡುಪು, ಕ್ಯಾಪು, ಉಗುರು, ಗಾಯ, ಕೆಮ್ಮು, ನೆಗಡಿ. ಮೂವತ್ತನಾಲ್ಕು ವರ್ಷ ಕಿರಿಯ ನರ್ಸುಗಳ ಉಗುರಿನ ಸಂದಿಯನ್ನೂ ಬಿಡದವಳು ನಾನು. ತಲೆ ಮಾತ್ರ ನೋಡಲಿಲ್ಲ.

ತಲೆಯ ವಿಷಯ ಹೀಗೆ. ಬ್ಯಾಚ್ ಶುರುವಾದಾಗ ನಾನೇ ಹೇಳಿದ್ದೆ, ಕ್ಲೋರಿನ್ ನೀರಿಗೆ ಕೂದಲು ಹಾಳಾಗದಿರಲು ಸ್ವಲ್ಪ ಕೊಬ್ಬರಿ ಎಣ್ಣೆ ಸವರಿಕೊಂಡು ಕ್ಯಾಪ್ ಹಾಕಿ ಎಂದು. ಸ್ವಲ್ಪ ಎಂದರೆ ಅರ್ಧ ಚಮಚ. ಆದರೆ ನಮ್ಮ ಕಡೆಯ ಮನೆಗಳಲ್ಲಿ ಭಾನುವಾರದ ಎಣ್ಣೆ ಎಂದರೆ ನೆತ್ತಿಗೆ ತಟ್ಟಿ ತಟ್ಟಿ ಕಿವಿಯ ಹಿಂದೆ ಇಳಿಯಬೇಕು. ಎರಡೂ ಸೇರಿ ಒಂದು ಪದ್ಧತಿಯಾಗಿಬಿಟ್ಟಿತ್ತು: ಭಾನುವಾರ ನಸುಕಿಗೆ ತಲೆ ತುಂಬಾ ಎಣ್ಣೆ, ಕ್ಯಾಪು, ಈಜು, ಆಮೇಲೆ ಮನೆಗೆ ಹೋಗಿ ಸೀಗೆಕಾಯಿ ಸ್ನಾನ. ಈಜುವುದನ್ನು ಎಣ್ಣೆ ನೆನೆಯುವ ಹೊತ್ತಿನ ಕೆಲಸ ಎಂದು ಅವರು ತಿಳಿದಿದ್ದರು. ನಮ್ಮ ಕೊಳದ ಆ ಹಸಿರು ನೀರಿನಲ್ಲಿ ಇದು ಯಾರಿಗೂ ಕಂಡಿರಲಿಲ್ಲ.

ಆರೂವರೆಗೆ ರೆಸಾರ್ಟು ತಲುಪಿದೆವು. ಟೈ ಕಟ್ಟಿದ ಮ್ಯಾನೇಜರು, ನನ್ನ ಮೊಮ್ಮಗನ ವಯಸ್ಸಿನವನು, ಹನ್ನೊಂದು ಮರೂನ್ ಹೆಂಗಸರನ್ನು ನೋಡಿ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ತಬ್ಬಿಬ್ಬಾದ. ಪಾಸುಗಳನ್ನು ತೋರಿಸಿದೆ. ಕಲಂಗಳನ್ನು ಹೇಳಿದೆ. ಶವರಿನ ಕೆಳಗೆ ಸಾಲಾಗಿ ನಿಂತು ನೆನೆದೆವು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಕೊಳ ಕಡಲೆಕಾಯಿಯ ಆಕಾರ. ನಡುವೆ ಸೊಂಟ, ಆ ಸೊಂಟದಲ್ಲಿ ಒಂದು ದ್ವೀಪ, ದ್ವೀಪದಲ್ಲಿ ಕುಂಡದೊಳಗೆ ಒಂದು ತಾಳೆಗಿಡ. ನೀರು ಕನ್ನಡಿಯ ಹಾಗೆ ನೀಲಿ. ಒಂದು ಬದಿ ನಾಲ್ಕಡಿ, ಇನ್ನೊಂದು ಬದಿ ಏಳಡಿ. ಫೋಟೋ ತೆಗೆಯಲು ಹೇಳಿ ಮಾಡಿಸಿದ ಕೊಳ, ಈಜಲು ಹೊರಟರೆ ಏಳೆಂಟು ಸಲ ಕೈ ಬೀಸುವಷ್ಟರಲ್ಲಿ ಮುಂದೆ ತಾಳೆಗಿಡ. ಹಾರೋಹಳ್ಳಿಯವಳು ಎರಡು ಸಲ ಪ್ರಯತ್ನಿಸಿ, ಎರಡೂ ಸಲ ದ್ವೀಪಕ್ಕೆ ತಲೆ ಕುಟ್ಟಿಕೊಂಡು ಎದ್ದಳು.

"ಇದೇನ್ ಪೂಲಾ ಸಿಸ್ಟರಮ್ಮ, ಕಲ್ಯಾಣಿನಾ?" ಎಂದಳು. ಕಣ್ಣು ಕೆಂಪಾಗಿತ್ತು. ಕ್ಲೋರಿನ್ ಅಂತೂ ಅಲ್ಲ.

"ಅಳ್ಬ್ಯಾಡ ಕಣಮ್ಮಿ" ಎಂದಳು ರೀಲಿಂಗ್ ಅಕ್ಕ. "ದುಡ್ಡಿರೋರು ಎಂಗೆ ಈಜ್ತಾರೆ ಅಂತ ಈಗ ಗೊತ್ತಾಯ್ತಲ್ಲ. ಅವ್ರು ಈಜಾಕಿಲ್ಲ, ಸುಮ್ಕೆ ನೆನೀತಾರೆ."

ಏಳೂ ಕಾಲಿಗೆ ಬಿಸಿಲು ಗೋಡೆ ದಾಟಿ ನೀರಿಗೆ ಬಿತ್ತು. ಆಗ ಕಂಡಿತು. ಇಡೀ ಕಡಲೆಕಾಯಿಯ ಮೇಲೆ ಏಳು ಬಣ್ಣದ ತೆಳು ಪೊರೆ, ಮಳೆ ಬಂದ ದಿನ ಪೆಟ್ರೋಲ್ ಬಂಕಿನ ಮುಂದೆ ಕಾಣುವಂಥದ್ದು. ದಡದಲ್ಲಿ ಮಗುವಿನ ಫೋಟೋ ತೆಗೆಯುತ್ತಿದ್ದ ಒಬ್ಬ ಹೆಂಗಸು ನೀರು ಯಾಕೆ ಹೊಳೆಯುತ್ತಿದೆ ಎಂದು ಕೂಗಿದಳು. ಮ್ಯಾನೇಜರು ಓಡಿ ಬಂದ. ಯಂತ್ರದ ಎಣ್ಣೆ ಸೋರಿದೆ ಎಂದು ಅವನ ಗಾಬರಿ. ಪಂಪು ನಿಲ್ಲಿಸಿದರು, ಎಲ್ಲರನ್ನೂ ಮೇಲೆ ಬರಹೇಳಿದರು. ಪಂಪಿನ ಕೋಣೆಯಿಂದ ಮೆಕ್ಯಾನಿಕ್ ಬಂದು ನೀರಿಗೆ ಬೆರಳು ಅದ್ದಿ, ಮೂಸಿ ನೋಡಿ, ಇನ್ನೊಮ್ಮೆ ಮೂಸಿ ಮ್ಯಾನೇಜರಿಗೆ ಮೆಲ್ಲಗೆ ಹೇಳಿದ:

"ಸಾರ್, ಕೊಬ್ಬರಿ ಎಣ್ಣೆ."

ಇಬ್ಬರ ಕಣ್ಣೂ ನಮ್ಮ ಕಡೆ ತಿರುಗಿತು. ಹನ್ನೊಂದು ಕ್ಯಾಪುಗಳ ಅಂಚಿನಿಂದ ಎಣ್ಣೆ ಕೆನ್ನೆಗಿಳಿದು ಬಿಸಿಲಿಗೆ ಮಿನುಗುತ್ತಿತ್ತು. ಹನ್ನೊಂದನೆಯದು ನನ್ನದೇ.

ವಾರ್ಡಿನಲ್ಲಿ ತಪ್ಪಾದರೆ ಮೊದಲು ಒಪ್ಪಿಕೊಳ್ಳಬೇಕು, ಆಮೇಲೆ ಸರಿಪಡಿಸಬೇಕು, ಕಾರಣ ಕೊನೆಗೆ. ನಾನು ಮುಂದೆ ಬಂದು, "ತಪ್ಪು ನಮ್ಮದು. ಎಣ್ಣೆ ಹಚ್ಚಲು ಹೇಳಿದವಳು ನಾನು. ತಲೆ ನೋಡದೆ ಇಳಿಸಿದವಳೂ ನಾನೇ" ಎಂದೆ. ಮ್ಯಾನೇಜರಿಗೆ ಇದು ಸಾಲಲಿಲ್ಲ. ಅವನೂ ಕಲಂ ಓದಿದ್ದ, ಪಾಪ, ಒಂದೇ ಒಂದು: ಹದಿನಾಲ್ಕನೆಯದು. ನೀರು ಕೆಡಿಸಿದವರ ಪಾಸನ್ನು ಎಲ್ಲಾ ಪಾಲುದಾರ ಕೊಳಗಳಲ್ಲಿ ರದ್ದು ಮಾಡಬಹುದು.

"ಎಲ್ಲಾ ಕಡೆನೂ ಅಂದ್ರೆ ನಮ್ಮೂರಲ್ಲೂನಾ?" ಎಂದು ಹಾರೋಹಳ್ಳಿಯವಳು ಕೇಳಿದಳು.

"ಎಲ್ಲಾ ಕಡೆ ಅಂದರೆ ಎಲ್ಲಾ ಕಡೆ" ಎಂದ.

ಅವಳು ಟವಲನ್ನು ಮಡಿಸತೊಡಗಿದಳು. ಮಡಿಸಿದ್ದನ್ನು ಬಿಡಿಸಿ ಮತ್ತೆ ಮಡಿಸಿದಳು. ನನಗೆ ಅಳುವವರನ್ನು ನೋಡಿ ಅಭ್ಯಾಸವಿದೆ, ಮಡಿಸುವವರನ್ನು ನೋಡಲು ಆಗುವುದಿಲ್ಲ.

"ಪಾಸು ಆಮೇಲೆ. ಮೊದಲು ನೀರು" ಎಂದೆ. "ಇದನ್ನು ನಾವು ತೆಗೆದುಕೊಡುತ್ತೇವೆ."

ಹೇಗೆ ಎಂದು ಅವನು ಕೇಳಿದ. ಹೇಗೆ ಎಂದು ನನಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ರೀಲಿಂಗ್ ಅಕ್ಕನಿಗೆ. ನೂಲು ಬಿಚ್ಚುವ ಬೇಸಿನ್ನಿನ ಬಿಸಿನೀರಿನಲ್ಲಿ ಬೆಂದ ಹುಳುವಿನ ಕೊಬ್ಬು ಕರಗಿ ನೀರಿನ ಮೇಲೆ ಕಟ್ಟುತ್ತದೆ. ಅದನ್ನು ಅವರು ಹಳೆಯ ಹತ್ತಿ ಬಟ್ಟೆ ಎಳೆದು ತೆಗೆಯುತ್ತಾರಂತೆ. ಬಟ್ಟೆ ನೀರಿನ ಮೇಲೆ ಮೆಲ್ಲಗೆ ಸಾಗಬೇಕು, ಮುಳುಗಬಾರದು, ಎಣ್ಣೆ ಅದಕ್ಕೆ ಅಂಟಿಕೊಂಡು ಬರುತ್ತದೆ.

"ದಿನಾ ಮಾಡೋ ಕೆಲ್ಸ ಬುಡಿ" ಎಂದಳು. "ನಮ್ಮ ಬೇಸಿನ್ ಚಿಕ್ಕದು, ಇದು ದೊಡ್ಡದು. ಹುಳ ಮಾತ್ರ ನಾವೇ."

ಮೈ ಒರೆಸಲು, ಮರೆ ಹಿಡಿಯಲು ತಂದಿದ್ದ ಹಳೆಯ ಹತ್ತಿ ಸೀರೆಗಳು ಮೂರು ಇದ್ದವು. ತುದಿಗೆ ತುದಿ ಗಂಟು ಹಾಕಿದೆವು. ತಲೆಯನ್ನು ಮೊದಲು ರೆಸಾರ್ಟಿನ ಶಾಂಪೂವಿನಿಂದ ತೊಳೆಸಿದೆ, ಎರಡೆರಡು ಸಲ, ನಾನೇ ನಿಂತು ಮೂಸಿ ನೋಡಿ ಪಾಸು ಮಾಡಿದೆ. ಆಮೇಲೆ ಹತ್ತು ಮಂದಿ ನಾಲ್ಕಡಿಯ ಬದಿಯಲ್ಲಿ ಸಾಲಾಗಿ ಸೀರೆ ಹಿಡಿದು ನಿಂತೆವು. ಆಳದ ಬದಿಯಲ್ಲಿ ನೆಲ ಸಿಗುವುದಿಲ್ಲ, ಅಲ್ಲಿ ಸೀರೆಯ ತುದಿ ಹಿಡಿದು ಈಜಬಲ್ಲವಳು ಒಬ್ಬಳೇ.

"ನನ್ ಕೈಲಿ ಆಗಲ್ಲ" ಎಂದಳು ಹಾರೋಹಳ್ಳಿಯವಳು. "ಒಂದೇ ಕೈಲಿ ಎಂಗೆ ಈಜ್ಲಿ?"

"ಬಾಯಲ್ಲಿ ಕಚ್ಕೊ" ಎಂದಳು ರೀಲಿಂಗ್ ಅಕ್ಕ. "ನಾಯಿ ಚಪ್ಲಿ ಕಚ್ಕೊಂಡ್ ಓಗಾಕಿಲ್ವಾ ಅಂಗೆ."

ಅವಳು ಕಚ್ಚಲಿಲ್ಲ. ತುದಿಯನ್ನು ಎಡಗೈಗೆ ಸುತ್ತಿಕೊಂಡಳು. ನಾನು ಒಂದು, ಎರಡು ಎಂದು ಎಣಿಸುತ್ತಿದ್ದೆ, ಸೀರೆ ಹೊರಟಿತು. ಹನ್ನೊಂದು ಹೆಂಗಸರು, ಮರೂನ್ ಸಮವಸ್ತ್ರ, ನೀರಿನ ಮೇಲೆ ಮೂರು ಸೀರೆ ಉದ್ದದ ಬಟ್ಟೆ, ಎಲ್ಲರದೂ ಒಂದೇ ಹೆಜ್ಜೆ. ದಡದ ತುಂಬಾ ಮೊಬೈಲುಗಳು ಎದ್ದವು. ಮಗುವಿನ ಫೋಟೋ ತೆಗೆಯುತ್ತಿದ್ದ ಆ ತಾಯಿ ಮಂಡಿಯೂರಿ ಕೇಳಿದಳು:

"ಆಂಟಿ, ಇದು ಯಾವ ಹಬ್ಬ? ಪ್ರತಿ ಸಂಡೇ ಇರತ್ತಾ?"

"ಗಂಗೆ ಪೂಜೆ ಕಣವ್ವ" ಎಂದಳು ರೀಲಿಂಗ್ ಅಕ್ಕ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. "ಮಾತಾಡ್ಬಾರ್ದು. ಕೈ ಮುಗಿ."

ಆ ಹೆಂಗಸು ಕೈ ಮುಗಿದಳು. ಮಗುವಿನ ಕೈಯನ್ನೂ ಮುಗಿಸಿದಳು. ಅವಳ ಹಿಂದೆ ನಿಂತಿದ್ದ ದಪ್ಪನೆಯ ಗಂಡಸೊಬ್ಬ ಚಪ್ಪಲಿ ಬಿಟ್ಟ. ಬ್ಯಾಚಿನಲ್ಲಿ ಯಾರಾದರೂ ನಕ್ಕರೆ ಸೀರೆ ಮುಳುಗುತ್ತದೆ ಎಂದು ನಾನು ಹಲ್ಲು ಕಚ್ಚಿಕೊಂಡು ಎಣಿಸುತ್ತಲೇ ಇದ್ದೆ.

ಒಂದು ಸಲ ಎಳೆದು ಸೀರೆ ಹಿಂಡಿದೆವು. ಎರಡನೇ ಸಲ. ಮೂರು. ಆರನೇ ಸಲಕ್ಕೆ ಬಿಸಿಲಿನಲ್ಲಿ ಬರೀ ನೀಲಿ ಕಂಡಿತು. ಎಣಿಸುವ ಅಭ್ಯಾಸ ನನಗೆ ಇದ್ದದ್ದರಿಂದ ಇನ್ನೊಂದು ವಿಷಯವೂ ಗಮನಕ್ಕೆ ಬಂತು. ಆಳದ ಬದಿಯಲ್ಲಿ, ದ್ವೀಪದ ಹೊರಗಿನಿಂದ, ಒದ್ದೆ ಸೀರೆಯ ಭಾರ ಎಳೆಯುತ್ತಾ, ಒಂದೇ ಕೈಯಲ್ಲಿ ಹಾರೋಹಳ್ಳಿಯವಳು ಆರು ಸಲ ದಾಟಿದ್ದಳು. ನಾವು ಸೀರೆ ಹಿಂಡುವಾಗಲೂ ಆಳದಲ್ಲೇ ತೇಲುತ್ತಾ ಕಾದಿದ್ದಳು. ಒಮ್ಮೆಯೂ ಅಂಚು ಹಿಡಿದಿರಲಿಲ್ಲ. ಅವಳಿಗೆ ಅದನ್ನು ಹೇಳಲಿಲ್ಲ. ಹೇಳಿದ್ದರೆ ತಕ್ಷಣ ಮುಳುಗುತ್ತಿದ್ದಳು.

ಮ್ಯಾನೇಜರಿನ ಮುಖ ಈಗ ಎರಡು ತುಂಡಾಗಿತ್ತು. ಅತಿಥಿಗಳು ಅವನ ಕೈ ಕುಲುಕಿ, ಸ್ಥಳೀಯ ಸಂಸ್ಕೃತಿ ತೋರಿಸಿದ್ದಕ್ಕೆ ಹೊಗಳುತ್ತಿದ್ದರು. ಅವನು ಅವರ ಕಡೆ ನಗುತ್ತಾ, ನನ್ನ ಕಡೆ ಹಲ್ಲು ಕಡಿಯುತ್ತಾ ಪಕ್ಕಕ್ಕೆ ಬಂದ. ಪಾಸು ರದ್ದು ಮಾಡುವುದಿಲ್ಲ, ಆದರೆ ದಯವಿಟ್ಟು ಇನ್ನು ಮೇಲೆ ಗುಂಪಾಗಿ ಬರಬೇಡಿ ಎಂದ.

"ಅದು ಆಗುವುದಿಲ್ಲ" ಎಂದೆ. "ಪಾಸು ಸೀಸನ್ ಮುಗಿಯುವವರೆಗೆ ಇದೆ. ಗುಂಪಾಗಿ ಬರಬಾರದು ಎಂದು ಹದಿನಾರು ಕಲಮ್ಮಿನಲ್ಲಿ ಎಲ್ಲೂ ಇಲ್ಲ. ತಲೆ ತೊಳೆದುಕೊಂಡು, ಪ್ರತಿ ಭಾನುವಾರ, ಆರೂವರೆಗೆ ಸರಿಯಾಗಿ ಬರುತ್ತೇವೆ. ನಾನು ತಡವಾಗಿ ಬಂದ ದಾಖಲೆ ಇಲ್ಲ. ಸೀರೆಯನ್ನೂ ತರುತ್ತೇವೆ, ಇವರು ಕೇಳುತ್ತಿದ್ದಾರಲ್ಲ."

"ಬೇರೆ ದಾರಿ ಇಲ್ವಾ ಅಮ್ಮ?"

"ಇದೆ. ನಮ್ಮ ಊರಿನ ಕೊಳದಲ್ಲಿ ನಮಗೆ ಒಂದು ಗಂಟೆ ಇತ್ತು. ಅದು ವಾಪಸು ಬಂದರೆ ನಾವು ಇಲ್ಲಿಗೆ ಯಾಕೆ ಬರುತ್ತೇವೆ? ನಿಮ್ಮ ಪಾಲುದಾರರಿಗೆ ಫೋನ್ ಮಾಡಿ."

ಮಾಡಿದ. ಎರಡು ನಿಮಿಷ ಪಿಸುಗುಟ್ಟಿ ಫೋನನ್ನು ನನ್ನ ಕೈಗೆ ಕೊಟ್ಟ.

"ಸಿಸ್ಟರಮ್ಮ, ಅಲ್ಲಿ ಓಗಿ ಏನ್ ಮಾಡ್ಬುಟ್ರಿ?" ನಮ್ಮ ಮಾಲೀಕನ ದನಿ.

"ನೀನು ಹೇಳಿದ್ದನ್ನೇ. ಎಲ್ಲಿ ಬೇಕಾದರೂ ಹೋಗಿ ಅಂದೆ, ಬಂದೆವು."

"ಅಯ್ಯೋ, ಕರಾರ್ ಮುರಿಯಕ್ಕೆ ನನ್ ಕೈಲಿ ಆಗಾಕಿಲ್ಲ. ಆ ಪಾಸಿಂದ್ಲೇ ಪಂಪ್ ರಿಪೇರಿ ಆಗಿದ್ದು. ಇಲ್ದಿದ್ರೆ ಈ ವರ್ಷ ಪೂಲ್ ಮುಚ್ಚಿ ಗೂಡಿನ ಗೋಡೌನ್ ಮಾಡ್ಬೇಕು ಅಂತಿದ್ದೆ, ಗೊತ್ತಾ ನಿಮ್ಗೆ?"

ಗೊತ್ತಿರಲಿಲ್ಲ. ಹಿಂದಿನ ಬೇಸಿಗೆ ಪಂಪು ಕೆಮ್ಮುತ್ತಿದ್ದದ್ದು ನೆನಪಿತ್ತು, ಆದರೆ ಅದು ಅಷ್ಟು ದೂರ ಹೋಗಿದೆ ಎಂದು ಅವನು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಪಾಸು ನಮ್ಮ ಗಂಟೆಯನ್ನು ತಿಂದಿದ್ದು ನಿಜ. ಕೊಳವನ್ನು ಉಳಿಸಿದ್ದೂ ಅದೇ. ಬೈಯಲು ಸಿದ್ಧ ಮಾಡಿಕೊಂಡಿದ್ದ ಅರ್ಧ ಮಾತುಗಳು ಅಲ್ಲೇ ಬಿದ್ದುಹೋದವು.

"ಮುರಿಯಬೇಡ" ಎಂದೆ. "ತೆರೆದಿರುವ ಹೊತ್ತಿನಲ್ಲಿ ಯಾರನ್ನೂ ತಡೆಯಬಾರದು ಎಂದು ತಾನೇ ಇರುವುದು? ನೀನು ತೆರೆಯುವುದು ಆರಕ್ಕೆ. ನಮಗೆ ಐದರಿಂದ ಆರು ಕೊಡು. ಆಗ ಕೊಳ ತೆರೆದಿರುವುದಿಲ್ಲ, ನಾವು ಮಾತ್ರ ಒಳಗಿರುತ್ತೇವೆ."

"ಐದಕ್ಕೆ ಯಾರ್ ಬಂದು ಬಾಗ್ಲು ತೆಗೀತಾರೆ?"

"ನಾನು."

"ಬೆಂಗಳೂರ್ನ ಪಾಸಿನ ಹೆಂಗಸ್ರು ನಮ್ಗೂ ಬೇಕು ಅಂದ್ರೆ?"

"ಬೆಳಿಗ್ಗೆ ಐದಕ್ಕೆ ಬೆಂಗಳೂರಿನಿಂದ ಬರುವ ಹೆಂಗಸು ಇದ್ದರೆ ಕಳಿಸು. ಅಂಥವಳನ್ನು ನಾನೇ ಹುಡುಕುತ್ತಿದ್ದೇನೆ."

ಸರಿ, ಆದರೆ ಆ ಗಂಟೆ ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆ ಗುಡಿಸುವ ಕೆಲಸ ನಮ್ಮದು, ಆ ಹೊತ್ತಿಗೆ ಅವನ ಬಳಿ ಆಳಿಲ್ಲ ಎಂದ. ಒಪ್ಪಿದೆ. ಇವತ್ತೇ ಶುರು ಎಂದೆ. ಇವತ್ತು ಬೆಳಿಗ್ಗೆ ಮುಗಿದುಹೋಯಿತಲ್ಲ ಎಂದ. ಭಾನುವಾರ ಸಂಜೆ ಐದಕ್ಕೆ ಗೇಟು ಹಾಕುತ್ತೀಯಲ್ಲ, ಅದರ ಮೇಲೆ ಒಂದು ಗಂಟೆ ಕೊಡು, ಈ ಹುಡುಗಿಗೆ ಪರೀಕ್ಷೆ ಇದೆ ಎಂದೆ. "ಯಾವ್ ಪರೀಕ್ಷೆ? ನನ್ಗ್ಯಾರೂ ಏಳೇ ಇಲ್ವಲ್ಲ!" ಎಂದ. ಅದೂ ನಿಜ. ಅವನ ಬಳಿ ಹಕ್ಕು ಕೇಳಿದ್ದೆವು, ಕಾರಣ ಹೇಳಿರಲಿಲ್ಲ.

ಸಂಜೆ ಐದು ಹತ್ತಕ್ಕೆ ನಾವು ಮೂವರು ನಮ್ಮ ಕೊಳದಲ್ಲಿದ್ದೆವು: ನಾನು, ರೀಲಿಂಗ್ ಅಕ್ಕ, ಹಾರೋಹಳ್ಳಿಯವಳು. ಇಡೀ ದಿನ ಜನ ಬಿದ್ದು ಎದ್ದ ನೀರು ಕಲಗಚ್ಚಿನ ಹಾಗಿತ್ತು. ಯಾರೋ ಬಿಟ್ಟುಹೋದ ಒಂದು ಚಪ್ಪಲಿ ತೇಲುತ್ತಿತ್ತು, ತೆಗೆದೆ. ಮಾಲೀಕ ತನ್ನ ಮೇಜು ಬಿಟ್ಟು ಹೊರಗೆ ಹೋಗಿ ನಮಗೆ ಬೆನ್ನು ಹಾಕಿ ಕೂತ, ಹೆಂಗಸರ ಹೊತ್ತು ಎಂಬ ಗೌರವಕ್ಕೆ.

ಮೊದಲ ಪ್ರಯತ್ನ. ಒಂದು ಉದ್ದ ಮುಗಿಸಿ, ತಿರುಗಿ, ಮೂವತ್ತಾರನೇ ಮೀಟರಿಗೆ ಅಂಚು ಹಿಡಿದಳು. ಅದೇ ಜಾಗ, ಅದೇ ಒಡೆದ ಟೈಲ್ಸು.

"ಏನಾಯ್ತೆ?" ಎಂದಳು ರೀಲಿಂಗ್ ಅಕ್ಕ.

"ಉಸ್ರು ಸಾಲಲ್ಲ ಅಕ್ಕ."

ಆಗ ಹೇಳಿದೆ. "ಬೆಳಿಗ್ಗೆ ಒದ್ದೆ ಸೀರೆ ಎಳೆದುಕೊಂಡು ಆರು ಸಲ ದಾಟಿದ್ದೀಯ. ಒಂದೇ ಕೈ. ನಡುವೆ ಆಳದಲ್ಲಿ ತೇಲಿಕೊಂಡು ಕಾದಿದ್ದೀಯ. ಒಮ್ಮೆಯೂ ಅಂಚು ಮುಟ್ಟಿಲ್ಲ. ನಾನು ಎಣಿಸಿದ್ದೇನೆ. ಈಗ ಎರಡು ಕೈ ಇವೆ, ಸೀರೆ ಇಲ್ಲ. ಉಸಿರಿನ ಕಥೆ ಬೇರೆ ಯಾರಿಗಾದರೂ ಹೇಳು."

ಅವಳು ನನ್ನ ಮುಖ ನೋಡಿದಳು. ನಾನು ಸಮಾಧಾನಕ್ಕೆಂದು ಸುಳ್ಳು ಹೇಳುವವಳಲ್ಲ ಎಂದು ಬ್ಯಾಚಿಗೆಲ್ಲ ಗೊತ್ತು, ಅದರಿಂದ ನನಗೆ ಸ್ನೇಹಿತರು ಕಡಿಮೆ. ಎರಡು ನಿಮಿಷ ಸುಧಾರಿಸಿಕೊಂಡು ಮತ್ತೆ ಹೊರಟಳು. ಚೆನ್ನಾಗಿ ಈಜಿದಳು ಎಂದು ಬರೆಯಲಾರೆ. ಕೊನೆಯ ಹತ್ತು ಮೀಟರ್ ಎಮ್ಮೆ ಕೆಸರಿನಿಂದ ಏಳುವ ಹಾಗಿತ್ತು. ಒಡೆದ ಟೈಲ್ಸಿನ ಹತ್ತಿರ ಕೈ ಅಂಚಿನ ಕಡೆ ಹೋಯಿತು. ರೀಲಿಂಗ್ ಅಕ್ಕ ದಡದಲ್ಲೇ ಜೊತೆಗೆ ನಡೆಯುತ್ತಾ, "ಮುಟ್ಟುದ್ರೆ ಕೈ ಮುರೀತೀನಿ ಕಣೆ! ಒಡೀ, ಕಾಲ್ ಒಡೀ!" ಎಂದು ಬೆಟ್ಟಕ್ಕೆ ಕೇಳುವ ಹಾಗೆ ಕೂಗಿದಳು. ಕೈ ವಾಪಸು ನೀರಿಗೆ ಬಿತ್ತು. ಐವತ್ತು ಮುಗಿಯಿತು. ಗೇಟಿನ ಬಳಿ ಬೆನ್ನು ಹಾಕಿ ಕೂತಿದ್ದ ಮಾಲೀಕ ತಿರುಗದೆಯೇ ಚಪ್ಪಾಳೆ ತಟ್ಟಿದ.

ಎರಡು ನಿಮಿಷ ತೇಲುವುದನ್ನೂ ಅಲ್ಲೇ ನೋಡಿದೆ. ಒಂದು ನಿಮಿಷ ನಲವತ್ತು ಸೆಕೆಂಡಿಗೆ ನೀರು ಕುಡಿದಳು. ಇಪ್ಪತ್ತು ಸೆಕೆಂಡಿಗೆ ಇನ್ನೆರಡು ಭಾನುವಾರ ಇವೆ, ಸಾಕು. ದಡಕ್ಕೆ ಬಂದು ಕೂತವಳು ನಗುತ್ತಿದ್ದಳೋ ಕೆಮ್ಮುತ್ತಿದ್ದಳೋ ತಿಳಿಯಲಿಲ್ಲ. "ಕಾರ್ಖಾನೇಲಿ ರಜಾ ಕೇಳ್ಬೇಕು ಶನಿವಾರಕ್ಕೆ" ಎಂದಳು, ಮತ್ತೆ ಮತ್ತೆ ಅದನ್ನೇ. ಕೇಳಬೇಡ, ಬರುವುದಿಲ್ಲ ಎಂದು ತಿಳಿಸು ಎಂದೆ. ಮೊದಲ ಸಲ ತಲೆಯಾಡಿಸದೆ, ಯೋಚಿಸಿದಳು.

ಅವರಿಬ್ಬರೂ ಹೊರಟ ಮೇಲೆ ಒಪ್ಪಿಕೊಂಡ ಕೆಲಸ ಉಳಿದಿತ್ತು. ಬಟ್ಟೆ ಬದಲಿಸುವ ಕೋಣೆಯನ್ನು ಗುಡಿಸಿದೆ, ನೀರು ಹೋಗುವ ಜಾಲರಿಯಲ್ಲಿ ಸಿಕ್ಕಿದ್ದ ಕೂದಲನ್ನು ತೆಗೆದೆ, ಫಿನಾಯಿಲ್ ಹಾಕಿ ತೊಳೆದೆ, ಪೊರಕೆಯನ್ನು ತಲೆಕೆಳಗಾಗಿ ಗೋಡೆಗೆ ಆನಿಸಿದೆ. ಆರು ಗಂಟೆ ಇಪ್ಪತ್ತೈದು ನಿಮಿಷ. ನಲ್ಲಿ ತೊಟ್ಟಿಕ್ಕುತ್ತಿತ್ತು, ಅದನ್ನು ಬಿಗಿಯಾಗಿ ತಿರುಗಿಸಿ ದೀಪ ಆರಿಸಿದೆ.